ಚಾಟ್, ವಿಮರ್ಶೆ, ಕ್ವಿಜ್, ಓದಿನ ಆಟ: ನಿಮ್ಮ ಲೈಬ್ರರಿಯ ವೆಬ್‌ಸೈಟಿಗೆ ಯಾವುದು ಸರಿ?

"ನಮ್ಮ ಲೈಬ್ರರಿ ವೆಬ್‌ಸೈಟಿಗೆ ಜನ ಬರ್ತಾರೆ, ಪುಸ್ತಕ ಇದೆಯಾ ನೋಡ್ತಾರೆ, ಹೋಗ್ತಾರೆ. ಅವರು ಅಲ್ಲಿ ಇನ್ನೂ ಏನಾದರೂ ಮಾಡುವಂತೆ ಆಗಬೇಕು. ಚಾಟ್ ಹಾಕೋಣವಾ, ಕ್ವಿಜ್ ಮಾಡೋಣವಾ, ವಿಮರ್ಶೆ ಬರೆಯೋಕೆ ಬಿಡೋಣವಾ?" ಲೈಬ್ರರಿಯಲ್ಲಿ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಲ್ಲವನ್ನೂ ಒಟ್ಟಿಗೆ ಶುರು ಮಾಡುವಷ್ಟು ಸಿಬ್ಬಂದಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಆರಿಸಲೇಬೇಕು.

ಆರಿಸುವಾಗ ಹೆಚ್ಚಿನವರು ಟೂಲ್‌ನಲ್ಲಿ ಏನೇನು ಸೌಲಭ್ಯ ಇದೆ ಎಂದು ಮೊದಲು ನೋಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಓದುಗರು ಅಲ್ಲಿ ಏನಾದರೂ ಕೇಳಿದರೆ, ಬರೆದರೆ, ಕಳಿಸಿದರೆ ಅದನ್ನು ನೋಡಿಕೊಳ್ಳುವವರು ಯಾರು? ಉತ್ತರ ಬರದ ಚಾಟ್, ಮೂರು ತಿಂಗಳಿಂದ ಒಪ್ಪಿಗೆಗೆ ಕಾಯುತ್ತಿರುವ ವಿಮರ್ಶೆ, ಹೋದ ವರ್ಷದ ಕ್ವಿಜ್. ಇವು ಇರುವುದಕ್ಕಿಂತ ಏನೂ ಇಲ್ಲದ ಸರಳ ವೆಬ್‌ಸೈಟ್ ವಾಸಿ. ಕೈಚಾಚಿ ಕರೆದು ಮಾತಾಡಿಸದೆ ಬಿಟ್ಟರೆ ಓದುಗರಿಗೆ ಬೇಜಾರಾಗುತ್ತದೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಅಳೆಯುವುದು ಹೇಗೆ

ಮೊದಲನೆಯದು ಸಮಯ. ಟೂಲ್ ಹಾಕುವುದಕ್ಕೆ ಎಷ್ಟು ಗಂಟೆ ಬೇಕು ಎನ್ನುವುದು ಎಲ್ಲರಿಗೂ ನೆನಪಿರುತ್ತದೆ. ಹಾಕಿದ ಮೇಲೆ ವಾರಕ್ಕೆ ಎಷ್ಟು ಗಂಟೆ ಬೇಕು ಎನ್ನುವುದು ಮರೆತುಹೋಗುತ್ತದೆ. ಕೆಲವು ಟೂಲ್‌ಗಳಿಗೆ ಒಂದು ಸಲ ಜಾಸ್ತಿ ಕೆಲಸ, ಆಮೇಲೆ ಬಹುತೇಕ ಏನೂ ಇಲ್ಲ. ಇನ್ನು ಕೆಲವು ಹತ್ತು ನಿಮಿಷದಲ್ಲಿ ಶುರುವಾಗುತ್ತವೆ, ಆದರೆ ದಿನವೂ ಒಬ್ಬರು ಕೂತಿರಬೇಕು.

ಎರಡನೆಯದು ಓದುಗರಿಗೆ ಏನು ಸಿಗುತ್ತದೆ ಎಂಬುದು. ಅಂಟಿಕೊಂಡ ಸಮಸ್ಯೆ ಬಿಡಿಸಿಕೊಳ್ಳಲು ಬಂದವರು ಬೇರೆ, ಬಿಡುವಿದೆ ಎಂದು ಬಂದವರು ಬೇರೆ. ನಾಳೆಯೊಳಗೆ ಪ್ರಬಂಧ ಕೊಡಬೇಕಾದ ವಿದ್ಯಾರ್ಥಿಯ ಮುಂದೆ ಕ್ವಿಜ್ ಇಟ್ಟರೆ ಉಪಯೋಗವಿಲ್ಲ.

ಮೂರನೆಯದು ಗೌಪ್ಯತೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಒಬ್ಬರು ಯಾವ ಕಾಯಿಲೆಯ ಬಗ್ಗೆ ಪುಸ್ತಕ ಹುಡುಕಿದರು, ಯಾವ ಕಾನೂನು ಸಮಸ್ಯೆ ಬಗ್ಗೆ ಕೇಳಿದರು ಎನ್ನುವುದು ಅವರಿಗೂ ಲೈಬ್ರರಿಗೂ ಬಿಟ್ಟ ವಿಷಯ. ಹೊರಗಿನ ಕಂಪನಿಯ ಚಾಟ್ ಪೆಟ್ಟಿಗೆಯನ್ನೋ ಸಮೀಕ್ಷೆಯನ್ನೋ ನಿಮ್ಮ ಪುಟದೊಳಗೆ ಕೂರಿಸಿದರೆ, ಓದುಗರು ಅದನ್ನು ಮುಟ್ಟದಿದ್ದರೂ ಅವರ ಬ್ರೌಸರ್ ಆ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ. ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸವಂತೂ ಹೋಗುತ್ತದೆ, ಎಷ್ಟೋ ಸಲ ಯಾವ ಪುಟ ನೋಡುತ್ತಿದ್ದರು ಎನ್ನುವುದೂ ಗೊತ್ತಾಗುತ್ತದೆ.

ನಾಲ್ಕನೆಯದು ಎಲ್ಲರಿಗೂ ಬಳಸಲು ಆಗುತ್ತದೆಯೇ ಎಂಬುದು. ಚಿಕ್ಕ ಮೊಬೈಲ್, ನಿಧಾನದ ನೆಟ್, ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು, ಮೌಸ್ ಹಿಡಿಯಲು ಕಷ್ಟ ಇರುವವರು. ವೆಬ್ ಬಳಕೆಯ ಸುಲಭತೆಗೆ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. 2023ರಲ್ಲಿ ಬಂದ ಅದರ 2.2 ಆವೃತ್ತಿ, ಎಳೆದು ಬಿಡಬೇಕಾದ ಕಡೆಗಳಲ್ಲಿ ಸುಮ್ನೆ ಒತ್ತಿದರೂ ಕೆಲಸ ಆಗುವ ದಾರಿ ಇರಬೇಕು ಎನ್ನುತ್ತದೆ. ಎಳೆದು ಜೋಡಿಸುವ ಆಟಗಳನ್ನು ಆರಿಸುವಾಗ ಇದನ್ನು ನೆನಪಿಡಿ.

ಕೊನೆಯದು ಹೊರಬರುವ ದಾರಿ. ಟೂಲ್ ನಿಂತುಹೋದರೆ ನಿಮ್ಮ ಕೆಲಸ ಉಳಿಯುತ್ತದೆಯೇ? 2020ರ ಕೊನೆಗೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ ಫ್ಲ್ಯಾಶ್‌ನಲ್ಲಿ ಕಟ್ಟಿದ ಪಾಠಗಳೂ ಆಟಗಳೂ ಬ್ರೌಸರ್‌ಗಳಲ್ಲಿ ತೆರೆಯದಂತಾದವು. ಹಲವರು ಒಟ್ಟಿಗೆ ಬರೆಯುವ ಹಲಗೆಯಾಗಿದ್ದ ಜ್ಯಾಮ್‌ಬೋರ್ಡ್ ಅನ್ನು ಗೂಗಲ್ 2024ರ ಕೊನೆಗೆ ಮುಚ್ಚಿತು. ದೊಡ್ಡ ಕಂಪನಿ ಎಂಬುದೇ ಭರವಸೆ ಅಲ್ಲ. ಡೇಟಾವನ್ನು ಸಾಮಾನ್ಯ ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲ ದಿನವೇ ನೋಡಿ.

ಹಣದ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ 'ಉಚಿತ' ಅನ್ನುವುದರಲ್ಲೇ ಮೂರು ಬಗೆ ಇದೆ. ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗೆ ಲೈಸೆನ್ಸ್ ದುಡ್ಡಿಲ್ಲ, ಆದರೆ ಸರ್ವರ್ ಬೇಕು, ಅಪ್‌ಡೇಟ್ ಮಾಡುವವರು ಬೇಕು. ಕಂಪನಿಗಳ ಉಚಿತ ಪ್ಲಾನ್‌ಗೆ ಮಿತಿ ಇರುತ್ತದೆ, ಅದು ಯಾವಾಗ ಬೇಕಾದರೂ ಬದಲಾಗಬಹುದು. ಮೂರನೆಯದು ನೀವು ಈಗಾಗಲೇ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲೇ ಇದ್ದು, ಆನ್ ಮಾಡದೆ ಬಿಟ್ಟ ಸೌಲಭ್ಯ. ನನ್ನ ಪ್ರಕಾರ ಹುಡುಕಾಟ ಇಲ್ಲಿಂದಲೇ ಶುರುವಾಗಬೇಕು.

ಚಾಟ್

ನೇರ ಚಾಟ್‌ನಷ್ಟು ಬೇಗ ಓದುಗರ ಕಷ್ಟ ಬಿಡಿಸುವ ಟೂಲ್ ಇನ್ನೊಂದಿಲ್ಲ. ಇಷ್ಟು ಸಮಯ ಬೇಡುವ ಟೂಲ್ ಕೂಡ ಇನ್ನೊಂದಿಲ್ಲ.

ಹಾಕುವ ಮೊದಲು ಒಂದು ಕೆಲಸ ಮಾಡಿ. ಎರಡು ವಾರ ಕೌಂಟರ್‌ನಲ್ಲಿ, ಫೋನಿನಲ್ಲಿ, ಇಮೇಲ್‌ನಲ್ಲಿ ಬರುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ. ಹೆಸರು ಬೇಡ, ಬಗೆ ಸಾಕು. ಹೆಚ್ಚಿನವು "ಎಷ್ಟು ಗಂಟೆವರೆಗೆ ತೆರೆದಿರುತ್ತೆ", "ರಿನ್ಯೂ ಹೇಗೆ ಮಾಡೋದು" ಎಂಬ ತರಹದವಾದರೆ ನಿಮಗೆ ಚಾಟ್ ಬೇಡ. ಆ ಉತ್ತರಗಳನ್ನು ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. "ಈ ವಿಷಯಕ್ಕೆ ಎಲ್ಲಿಂದ ಓದಲು ಶುರು ಮಾಡಲಿ", "ಈ ಲೇಖನ ಮನೆಯಿಂದ ತೆರೆಯುತ್ತಿಲ್ಲ" ಎಂಬಂಥವು ಜಾಸ್ತಿ ಇದ್ದರೆ ಚಾಟ್ ಸರಿಯಾದ ಆಯ್ಕೆ. ಇಂಥ ಪ್ರಶ್ನೆಗಳಿಗೆ ಎದುರು ಪ್ರಶ್ನೆ ಕೇಳಬೇಕಾಗುತ್ತದೆ, ಇಮೇಲ್‌ನಲ್ಲಿ ಅದು ಎರಡು ದಿನ ಎಳೆಯುತ್ತದೆ.

ಲೈಬ್ರರಿಗಳಿಗೆಂದೇ ಮಾಡಿದ ಲಿಬ್‌ಚಾಟ್, ಲೈಬ್ರರಿ ಹೆಲ್ಪ್ ತರಹದ ಸೇವೆಗಳಿಗೆ ದುಡ್ಡು ಕೊಡಬೇಕು. ಹಲವು ಸಿಬ್ಬಂದಿ ಪಾಳಿ ಹಂಚಿಕೊಂಡು ಉತ್ತರಿಸುವುದಕ್ಕೆ, ಕೇಳಿದ ಪ್ರಶ್ನೆಗಳ ಬಗೆ ಗುರುತಿಸಿಡುವುದಕ್ಕೆ ಅವು ಅನುಕೂಲ. ಟಾಕ್ ಡಾಟ್ ಟೂ ತರಹದ ಸಾಮಾನ್ಯ ಚಾಟ್ ಉಚಿತವಾಗಿ ಸಿಗುತ್ತದೆ. ಆದರೆ ಅದನ್ನು ಮಾಡಿರುವುದು ಗಿರಾಕಿಗಳನ್ನು ಹಿಂಬಾಲಿಸಬೇಕಾದ ವ್ಯಾಪಾರಿಗಳಿಗೆ. ಭೇಟಿ ಕೊಟ್ಟವರ ಚಲನವಲನ ತೋರಿಸುವುದು ಅಂಥ ಟೂಲ್‌ಗಳ ಹೆಗ್ಗಳಿಕೆ. ಲೈಬ್ರರಿಗೆ ಅದು ಬೇಡವಾದ ಗುಣ. ಉಚಿತದ್ದೇ ಬಳಸುವುದಾದರೆ ಸೆಟ್ಟಿಂಗ್‌ನಲ್ಲಿ ಏನೇನು ಆಫ್ ಮಾಡಲು ಬರುತ್ತದೋ ಎಲ್ಲ ಆಫ್ ಮಾಡಿ. ಪುಸ್ತಕಗಳ ಪುಟದಲ್ಲಿ ಹಾಕಬೇಡಿ, 'ಸಹಾಯ' ಎಂಬ ಒಂದೇ ಪುಟದಲ್ಲಿಡಿ.

ಇಡೀ ದಿನ ಚಾಟ್ ನಡೆಸಬೇಕು ಎಂದೇನಿಲ್ಲ. ದಿನಕ್ಕೆ ಎರಡು ಗಂಟೆ, ಅದೂ ಗೊತ್ತಾದ ಸಮಯದಲ್ಲಿ, ಸಾಕು. ಯಾರೂ ಇಲ್ಲದಾಗ ಚಾಟ್ ಗುರುತು ಮಾಯವಾಗಿ ಅದರ ಜಾಗದಲ್ಲಿ ಒಂದು ಫಾರ್ಮ್ ಬರಬೇಕು, "ನಾಳೆ ಮಧ್ಯಾಹ್ನದೊಳಗೆ ಉತ್ತರಿಸುತ್ತೇವೆ" ಎಂಬ ಸ್ಪಷ್ಟ ಮಾತಿನ ಜೊತೆ. ಜಾಗವೂ ಮುಖ್ಯ. ಜನ ಸಿಕ್ಕಿಕೊಳ್ಳುವುದು ಮುಖಪುಟದಲ್ಲಲ್ಲ. ಹುಡುಕಿದ್ದು ಸಿಗಲಿಲ್ಲ ಎಂಬ ಪುಟದಲ್ಲಿ, ಲಾಗಿನ್ ಆಗದ ಪುಟದಲ್ಲಿ. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರಿಗೆ, ಹುಡುಕಾಟಕ್ಕೆ ಏನೂ ಸಿಗದಾಗ ತೋರಿಸಲು ನಿಮ್ಮದೇ ಮಾತು ಬರೆದಿಡುವ ಸೌಲಭ್ಯ ಇದೆ. ಸಹಾಯ ಪುಟದ ಲಿಂಕ್ ಅಲ್ಲಿ ಹಾಕಿ.

ಚಾಟ್‌ಬಾಟ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ನಿಮ್ಮ ಸಹಾಯ ಪುಟಗಳಲ್ಲಿ ಬರೆದದ್ದರಿಂದ ಮಾತ್ರ ಉತ್ತರ ಕೊಡುವಂತೆ ಕಟ್ಟಿಹಾಕಿದ ಬಾಟ್ ಆದರೆ ಪ್ರಯತ್ನಿಸಬಹುದು. ಹಾಗೆ ಕಟ್ಟಿಹಾಕದ ಬಾಟ್ ಇಲ್ಲದ ಪುಸ್ತಕದ ಹೆಸರು, ಇಲ್ಲದ ಲೇಖನದ ವಿವರ ಹುಟ್ಟಿಸಿ ಹೇಳುವ ಅಪಾಯ ಇದೆ. ಕಟ್ಟಿಹಾಕಿದ್ದನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಲೈಬ್ರರಿಯ ಹೆಸರಿನಲ್ಲಿ ತಪ್ಪು ಮಾಹಿತಿ ಹೋದರೆ ಕಳೆದುಕೊಂಡ ನಂಬಿಕೆ ವಾಪಸ್ ಬರುವುದು ಕಷ್ಟ. ಇದು ಯಂತ್ರ ಎಂದು ಮೊದಲ ಸಾಲಿನಲ್ಲೇ ಹೇಳಬೇಕು, ಮನುಷ್ಯರನ್ನು ತಲುಪುವ ಗುಂಡಿ ಪಕ್ಕದಲ್ಲೇ ಇರಬೇಕು.

ಕ್ಯಾಟಲಾಗ್‌ನಲ್ಲಿ ವಿಮರ್ಶೆ, ಟ್ಯಾಗ್, ಪುಸ್ತಕದ ಬೇಡಿಕೆ

ಕೋಹಾ ನ್ಯೂಜಿಲೆಂಡ್‌ನಲ್ಲಿ ಹುಟ್ಟಿ 2000ದ ಜನವರಿಯಿಂದ ಬಳಕೆಯಲ್ಲಿರುವ ಓಪನ್ ಸೋರ್ಸ್ ಲೈಬ್ರರಿ ಸಾಫ್ಟ್‌ವೇರ್. ಅದರಲ್ಲಿ ಓದುಗರ ವಿಮರ್ಶೆ, ಸ್ಟಾರ್ ರೇಟಿಂಗ್, ಟ್ಯಾಗ್ (ಓದುಗರು ಪುಸ್ತಕಕ್ಕೆ ಅಂಟಿಸುವ ಗುರುತಿನ ಪದ), ಓದುಗರೇ ಮಾಡಿಕೊಳ್ಳುವ ಪುಸ್ತಕ ಪಟ್ಟಿ, ಹೊಸ ಪುಸ್ತಕ ತರಿಸಿ ಎಂಬ ಬೇಡಿಕೆ, ಎಲ್ಲವೂ ಇವೆ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಆಯಿತು. ಓದುಗರ ಮಾಹಿತಿ ನಿಮ್ಮ ವ್ಯವಸ್ಥೆಯೊಳಗೇ ಉಳಿಯುತ್ತದೆ. ವಿಮರ್ಶೆಗಳು ಸಿಬ್ಬಂದಿ ಒಪ್ಪಿದ ಮೇಲಷ್ಟೇ ಎಲ್ಲರಿಗೂ ಕಾಣುತ್ತವೆ.

ಹಾಗಾದರೆ ಎಲ್ಲರೂ ಇದನ್ನೇ ಮಾಡಬಹುದಲ್ವಾ? ತೊಂದರೆ ಇರುವುದು ಲೆಕ್ಕದಲ್ಲಿ. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು. ಆನ್‌ಲೈನ್ ಬಳಗಗಳಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಯಾವಾಗಲಾದರೊಮ್ಮೆ ಬರೆಯುತ್ತಾರೆ, ಹೆಚ್ಚಿನದೆಲ್ಲ ಬರುವುದು ಒಬ್ಬರಿಂದ. ಈ ಲೆಕ್ಕ ಹಿಡಿದರೆ ಸಾವಿರ ಸದಸ್ಯರ ಲೈಬ್ರರಿಯಲ್ಲಿ ಚುರುಕಾಗಿ ಬರೆಯುವವರು ಹತ್ತು ಮಂದಿ. ಪುಸ್ತಕಗಳು ಇಪ್ಪತ್ತು ಸಾವಿರ ಇದ್ದರೆ ಪುಟದ ಮೇಲೆ ಪುಟ "ಇನ್ನೂ ವಿಮರ್ಶೆ ಇಲ್ಲ" ಎಂದೇ ಕಾಣುತ್ತದೆ. ಖಾಲಿ ಜಾಗ ನೋಡಿ ಯಾರಿಗೂ ಬರೆಯಲು ಮನಸ್ಸು ಬರುವುದಿಲ್ಲ.

ಇದಕ್ಕೆ ದೊಡ್ಡ ಲೈಬ್ರರಿಗಳು ಕಂಡುಕೊಂಡ ದಾರಿ, ಬೇರೆ ಕಡೆಯ ಬರಹವನ್ನೂ ಸೇರಿಸಿಕೊಳ್ಳುವುದು. ಬಿಬ್ಲಿಯೊಕಾಮನ್ಸ್ ಎಂಬ ಕ್ಯಾಟಲಾಗ್ ಸೇವೆ ಬಳಸುವ ಲೈಬ್ರರಿಗಳಲ್ಲಿ ಒಂದು ಊರಿನ ಓದುಗರು ಬರೆದ ಮಾತು ಇನ್ನೊಂದು ಊರಿನ ಕ್ಯಾಟಲಾಗ್‌ನಲ್ಲೂ ಕಾಣುತ್ತದೆ. ಓದುಗರು ತಮ್ಮ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳುವ ಜಾಲತಾಣ ಲೈಬ್ರರಿಥಿಂಗ್ 2007ರಿಂದ ತನ್ನ ಸದಸ್ಯರ ಟ್ಯಾಗ್‌ಗಳನ್ನು ಲೈಬ್ರರಿ ಕ್ಯಾಟಲಾಗ್‌ಗಳಿಗೆ ಕೊಡಲು ಶುರು ಮಾಡಿತು. ಆದರೆ ಇಂಥವು ದುಡ್ಡು ಕೊಟ್ಟು ಪಡೆಯುವ ಸೇವೆಗಳು, ಮತ್ತು ಇಂಗ್ಲಿಷ್ ಪುಸ್ತಕಗಳಿಗೇ ಹೆಚ್ಚು ಉಪಯೋಗ. ನಿಮ್ಮ ಸಂಗ್ರಹದಲ್ಲಿ ಬೇರೆ ಭಾಷೆಯ ಪುಸ್ತಕಗಳೇ ಜಾಸ್ತಿ ಇದ್ದರೆ ಹಾಕಿದ ದುಡ್ಡಿಗೆ ತಕ್ಕ ಫಲ ಸಿಗುವುದು ಅನುಮಾನ.

ಸಣ್ಣ ಲೈಬ್ರರಿಗೆ ನನ್ನ ಸಲಹೆ ಇದು. ವಿಮರ್ಶೆಯನ್ನು ಸದ್ಯಕ್ಕೆ ಬಿಡಿ. ಪುಸ್ತಕದ ಬೇಡಿಕೆ ಕಳಿಸುವ ಸೌಲಭ್ಯವನ್ನು ಮೊದಲು ಆನ್ ಮಾಡಿ. ಅದು ಖಾಲಿ ಕಾಣುವ ಭಯವಿಲ್ಲ, ಒಬ್ಬರೇ ಕಳಿಸಿದರೂ ಉಪಯೋಗ ಇದೆ. ಬೇಡಿಕೆಯನ್ನು ಒಪ್ಪಿದಾಗ, ಆರ್ಡರ್ ಮಾಡಿದಾಗ, ಪುಸ್ತಕ ಬಂದಾಗ, ಇಲ್ಲ ಎಂದಾಗ ಓದುಗರಿಗೆ ಇಮೇಲ್ ಹೋಗುವ ವ್ಯವಸ್ಥೆಯೂ ಕೋಹಾದಲ್ಲಿದೆ. ತಾನು ಕೇಳಿದ ಪುಸ್ತಕ ಕಪಾಟಿಗೆ ಬಂತು ಎಂಬ ಇಮೇಲ್ ನೋಡಿದ ಓದುಗರಿಗೆ ಲೈಬ್ರರಿ ತಮ್ಮದು ಅನ್ನಿಸುತ್ತದೆ. ನೂರು ಸ್ಟಾರ್ ರೇಟಿಂಗ್‌ಗಿಂತ ಇದು ದೊಡ್ಡದು ಎಂದು ನಾನು ನಂಬುತ್ತೇನೆ. ಕೋಹಾ ಇಲ್ಲದಿದ್ದರೂ ಒಂದು ಫಾರ್ಮ್‌ನಲ್ಲಿ ಇದನ್ನು ಮಾಡಬಹುದು. ಆಗ ಉತ್ತರದ ಇಮೇಲ್ ನೀವೇ ಬರೆಯಬೇಕು, ಅಷ್ಟೇ.

ವಿಮರ್ಶೆ ಬೇಕೇ ಬೇಕು ಎನ್ನುವವರು ಇಡೀ ಕ್ಯಾಟಲಾಗ್‌ಗೆ ತೆರೆಯದೆ ತಿಂಗಳಿಗೆ ಐದು ಪುಸ್ತಕ ಆರಿಸಿ, ಆ ಐದಕ್ಕೆ ಮಾತ್ರ ಅಭಿಪ್ರಾಯ ಕೇಳಿ. ಮೊದಲ ನಾಲ್ಕು ಸಾಲು ಸಿಬ್ಬಂದಿಯೇ ತಮ್ಮ ಹೆಸರು ಹಾಕಿ ಬರೆಯಲಿ.

ಕ್ವಿಜ್ ಮತ್ತು ಆಡುತ್ತಾ ಕಲಿಯುವ ಪಾಠ

ಇಲ್ಲಿ ಲೆಕ್ಕ ತಿರುಗುಮುರುಗು. ಮಾಡುವಾಗ ಜಾಸ್ತಿ ಕೆಲಸ, ಆಮೇಲೆ ತೀರಾ ಕಡಿಮೆ. ಒಬ್ಬರೇ ಇರುವ ಲೈಬ್ರರಿಗೆ ಹೇಳಿ ಮಾಡಿಸಿದಂಥದ್ದು.

ಎಚ್5ಪಿ ಎಂಬ ಓಪನ್ ಸೋರ್ಸ್ ಟೂಲ್ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ದ್ರುಪಲ್, ಆನ್‌ಲೈನ್ ಪಾಠ ನಡೆಸುವ ಮೂಡಲ್ ಮೂರರಲ್ಲೂ ಕೂರುತ್ತದೆ. ವಿಡಿಯೊ ನಡುವೆ ಪ್ರಶ್ನೆ ಬರುವಂತೆ ಮಾಡಬಹುದು. ಓದುಗರ ಉತ್ತರ ನೋಡಿ ಮುಂದಿನ ದಾರಿ ಬದಲಾಗುವ ಪಾಠ ಮಾಡಬಹುದು. "ಡೇಟಾಬೇಸ್‌ನಲ್ಲಿ ಲೇಖನ ಹುಡುಕುವುದು ಹೇಗೆ" ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕಾಲೇಜು ಲೈಬ್ರರಿಗೆ ಇದಕ್ಕಿಂತ ಒಳ್ಳೆಯದು ಕಷ್ಟ. ಮಾಡಿದ್ದನ್ನು ಫೈಲ್ ಆಗಿ ಇಳಿಸಿ ಬೇರೆ ಕಡೆ ಹಾಕಬಹುದು, ಅಂದರೆ ಹೊರಬರುವ ದಾರಿ ಸ್ಪಷ್ಟವಾಗಿದೆ. ಒಂದು ಎಚ್ಚರಿಕೆ. ಅದರ ಎಲ್ಲ ಬಗೆಯ ಚಟುವಟಿಕೆಗಳೂ ಸ್ಕ್ರೀನ್ ರೀಡರ್ ಬಳಸುವವರಿಗೆ ಸಮನಾಗಿ ಸುಲಭವಲ್ಲ. ಯಾವುದು ಸುಲಭ ಎಂಬ ಪಟ್ಟಿಯನ್ನು ಎಚ್5ಪಿಯವರೇ ಇಟ್ಟಿದ್ದಾರೆ, ನೋಡಿ ಆರಿಸಿ.

ಗೂಗಲ್ ಫಾರ್ಮ್ಸ್ ಇನ್ನೂ ಸರಳ. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾರಣಕ್ಕೆ ಲೈಬ್ರರಿಗಳು ಬಾಗಿಲು ಹಾಕಿದ್ದಾಗ, ಅಮೆರಿಕದ ಪೆನ್ಸಿಲ್ವೇನಿಯಾದ ಪೀಟರ್ಸ್ ಟೌನ್‌ಶಿಪ್ ಸಾರ್ವಜನಿಕ ಲೈಬ್ರರಿ ಒಂದು ಗೂಗಲ್ ಫಾರ್ಮ್‌ನಲ್ಲೇ ಡಿಜಿಟಲ್ ಎಸ್ಕೇಪ್ ರೂಮ್ ಕಟ್ಟಿತು. ಒಗಟು ಬಿಡಿಸಿದರೆ ಮುಂದಿನ ಕೋಣೆ. ಅದು ಎಷ್ಟು ಹರಡಿತೆಂದರೆ ಎಷ್ಟೋ ಲೈಬ್ರರಿಗಳು ಅದೇ ಮಾದರಿಯಲ್ಲಿ ತಮ್ಮದನ್ನು ಮಾಡಿಕೊಂಡವು. ಅಲ್ಲಿ ಬಳಸಿದ್ದು ಫಾರ್ಮ್‌ನ ಸಾಮಾನ್ಯ ಸೌಲಭ್ಯಗಳನ್ನೇ. ದುಡ್ಡಿನ ಟೂಲ್ ಇಲ್ಲದೆಯೂ ಒಳ್ಳೆಯ ಒಗಟು ಬರೆಯುವವರು ಒಬ್ಬರಿದ್ದರೆ ಕೆಲಸ ಆಗುತ್ತದೆ. ಮಕ್ಕಳಿಗೆಂದು ಮಾಡುವಾಗ ಇಮೇಲ್ ಕೇಳುವ ಸೆಟ್ಟಿಂಗ್ ಆಫ್ ಮಾಡುವುದನ್ನು ಮರೆಯಬೇಡಿ.

ಕಹೂಟ್ ಎಂಬ ಕ್ವಿಜ್ ಟೂಲ್ ಎಲ್ಲರೂ ಒಂದೇ ಹೊತ್ತಿಗೆ ಸೇರಿದಾಗ ಚೆನ್ನ. ಕಾರ್ಯಕ್ರಮ ಇದ್ದರೆ ಬಳಸಿ. ವೆಬ್‌ಸೈಟಿಗೆ ಬಂದುಹೋಗುವವರಿಗೆ ಅದು ಹೊಂದುವುದಿಲ್ಲ.

ಓದಿನ ಸವಾಲು

ಅಮೆರಿಕದ ಆನ್ ಆರ್ಬರ್ ಡಿಸ್ಟ್ರಿಕ್ಟ್ ಲೈಬ್ರರಿ 2011ರಲ್ಲಿ ಸಮ್ಮರ್ ಗೇಮ್ ಶುರು ಮಾಡಿತು. ಓದಿದರೆ ಅಂಕ, ಕ್ಯಾಟಲಾಗ್‌ನಲ್ಲಿ ಟ್ಯಾಗ್ ಹಾಕಿದರೆ, ವಿಮರ್ಶೆ ಬರೆದರೆ ಅಂಕ, ಅಡಗಿಸಿಟ್ಟ ಕೋಡ್ ಹುಡುಕಿದರೆ ಅಂಕ. ಮಕ್ಕಳ ಜೊತೆ ದೊಡ್ಡವರೂ ಆಡುತ್ತಾರೆ. ಮೇಲೆ ಹೇಳಿದ ಖಾಲಿ ಕ್ಯಾಟಲಾಗ್‌ನ ಸಮಸ್ಯೆಗೂ ಇದು ಒಂದು ಉತ್ತರ. ಆದರೆ ಅವರ ಬಳಿ ಸ್ವಂತವಾಗಿ ಸಾಫ್ಟ್‌ವೇರ್ ಬರೆಯುವ ತಂಡ ಇದೆ. ಅದನ್ನು ನೋಡಿ ಹಾಗೇ ಮಾಡಹೊರಟರೆ ಸಣ್ಣ ಲೈಬ್ರರಿ ಸೋಲುತ್ತದೆ.

ದುಡ್ಡಿದ್ದರೆ ಬೀನ್‌ಸ್ಟ್ಯಾಕ್ ತರಹದ ಸಿದ್ಧ ಸೇವೆ ಇದೆ. ಇಲ್ಲದಿದ್ದರೆ ಒಂದು ಫಾರ್ಮ್ ಮತ್ತು ಒಂದು ಚಿತ್ರ ಸಾಕು. ಒಂಬತ್ತು ಮನೆಗಳ ಚೌಕ, ಪ್ರತಿ ಮನೆಯಲ್ಲೂ ಒಂದು ಸವಾಲು: ಇದುವರೆಗೆ ಓದದ ಲೇಖಕರ ಪುಸ್ತಕ, ಅನುವಾದವಾದ ಪುಸ್ತಕ, ನೀವು ಹುಟ್ಟುವ ಮೊದಲು ಬಂದ ಪುಸ್ತಕ. ಗಮನದಲ್ಲಿಡಬೇಕಾದ್ದು ಒಂದೇ. ಅಂಕಪಟ್ಟಿಯನ್ನು ಎಲ್ಲರಿಗೂ ತೋರಿಸಿದರೆ ವೇಗವಾಗಿ ಓದುವವರು ಮೇಲೆ ನಿಲ್ಲುತ್ತಾರೆ, ಈಗಷ್ಟೇ ಓದಲು ಕಲಿಯುತ್ತಿರುವ ಮಗು ಮೊದಲ ವಾರವೇ ಬಿಟ್ಟುಹೋಗುತ್ತದೆ. ಪುಟಗಳ ಲೆಕ್ಕ ಬಿಟ್ಟು ದಿನಗಳ ಲೆಕ್ಕ ಇಡಿ. ಇವತ್ತು ಓದಿದೆಯಾ, ಅಷ್ಟು ಸಾಕು. ಆರು ವಾರ, ಎಂಟು ವಾರ ಎಂದು ಮುಗಿಯುವ ದಿನವನ್ನು ಮೊದಲೇ ಹೇಳಿ.

ಜನರೇ ಕೈಜೋಡಿಸುವ ಕೆಲಸ

ಹಳೆಯ ಪತ್ರಿಕೆ, ಕೈಬರಹ, ಫೋಟೊ ಇರುವ ಲೈಬ್ರರಿಗಳಿಗೆ ಮಾತ್ರ ಈ ದಾರಿ. ಆದರೆ ಇರುವವರು ಇದನ್ನೇ ಮೊದಲು ಯೋಚಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಓದುಗರು ಮಾಡುವ ಕೆಲಸ ಲೈಬ್ರರಿಗೆ ನಿಜವಾಗಿ ಬೇಕಾದ ಕೆಲಸ. ಅವರಿಗೂ ಅದು ಗೊತ್ತಿರುತ್ತದೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ಲೈಬ್ರರಿ 2008ರಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳ ಪಠ್ಯ ತಿದ್ದಲು ಜನರಿಗೆ ಬಿಟ್ಟಿತು. ಯಂತ್ರ ತಪ್ಪಾಗಿ ಓದಿದ ಅಕ್ಷರಗಳನ್ನು ಯಾರು ಬೇಕಾದರೂ ಸರಿಪಡಿಸಬಹುದು, ತಿದ್ದಿದ್ದು ಆಗಲೇ ಕಾಣುತ್ತದೆ. ಈಗ ಟ್ರೋವ್ ಎಂಬ ಹೆಸರಿನ ಆ ಜಾಲತಾಣದಲ್ಲಿ ಜನ ಕೋಟಿಗಟ್ಟಲೆ ಸಾಲು ತಿದ್ದಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ ಬೈ ದಿ ಪೀಪಲ್ ಶುರು ಮಾಡಿದಾಗ ಬೇರೆ ದಾರಿ ಹಿಡಿಯಿತು. ಒಬ್ಬರು ಕೈಬರಹ ನೋಡಿ ಟೈಪ್ ಮಾಡಿದ್ದನ್ನು ಇನ್ನೊಬ್ಬ ಸ್ವಯಂಸೇವಕರು ಪರಿಶೀಲಿಸುತ್ತಾರೆ. ಫಿನ್‌ಲೆಂಡ್‌ನ ರಾಷ್ಟ್ರೀಯ ಲೈಬ್ರರಿಯ ಡಿಜಿಟಾಲ್ಕೂಟ್ 2011ರಲ್ಲಿ ಇದೇ ಕೆಲಸವನ್ನು ಆಟವಾಗಿ ಮಾಡಿತು. ತೆರೆಯ ಮೇಲೆ ಬಂದ ಪದ ಸರಿಯಾಗಿ ಟೈಪ್ ಮಾಡಿದರೆ ಸೇತುವೆ ಬೆಳೆಯುತ್ತದೆ, ಪುಟ್ಟ ಪ್ರಾಣಿಗಳು ಅದರ ಮೇಲೆ ದಾಟುತ್ತವೆ. ಉತ್ತರ ಮೊದಲೇ ಗೊತ್ತಿರುವ ಪದಗಳನ್ನು ನಡುವೆ ಬೆರೆಸಿ, ಆಡುವವರು ಸರಿಯಾಗಿ ಮಾಡುತ್ತಿದ್ದಾರಾ ಎಂದು ನೋಡಿಕೊಳ್ಳುತ್ತಿದ್ದರು.

ಮೂರೂ ಕಡೆ ಸಿಬ್ಬಂದಿ ಕೂತು ಪ್ರತಿಯೊಂದನ್ನೂ ಪರಿಶೀಲಿಸುವ ವ್ಯವಸ್ಥೆ ಇಟ್ಟುಕೊಳ್ಳಲಿಲ್ಲ. ಕಲಿಯಬೇಕಾದ್ದು ಇದನ್ನೇ. ಸಣ್ಣ ಲೈಬ್ರರಿಗಳು ಹೊಸ ಸಾಫ್ಟ್‌ವೇರ್ ಕಟ್ಟಬೇಕಿಲ್ಲ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಬೆಳೆಸುವ ಉಚಿತ ಆನ್‌ಲೈನ್ ಗ್ರಂಥ ಸಂಗ್ರಹವಾದ ವಿಕಿಸೋರ್ಸ್‌ಗೆ ಹಾಕಿ ಅಲ್ಲೇ ಓದುಗರನ್ನು ಕರೆಯಬಹುದು. ಸ್ಕ್ಯಾನ್ ಪಕ್ಕದಲ್ಲಿ ಪಠ್ಯ ಇಟ್ಟು ತಿದ್ದುವ, ಎರಡನೆಯವರು ಪರಿಶೀಲಿಸುವ ಕ್ರಮ ಅಲ್ಲಿ ಸಿದ್ಧವಾಗಿದೆ. ನೀವು ಕೊಡಬೇಕಾದ್ದು ಶುರುವಿನ ತರಬೇತಿ, ಆಮೇಲೆ ತಿಂಗಳಿಗೊಮ್ಮೆ ಒಂದು ಕೃತಜ್ಞತೆಯ ಮಾತು, ಎಷ್ಟು ಪುಟ ಮುಗಿಯಿತು ಎಂಬ ಸುದ್ದಿ.

ಟೈಮ್‌ಲೈನ್, ಮತದಾನ

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್‌ನ ಟೈಮ್‌ಲೈನ್‌ಜೆಎಸ್ ಒಂದು ಗೂಗಲ್ ಶೀಟ್ ತುಂಬಿದರೆ ಕಾಲಾನುಕ್ರಮದ ಪ್ರದರ್ಶನ ಮಾಡಿಕೊಡುತ್ತದೆ, ಉಚಿತ. ಇಪ್ಪತ್ತಕ್ಕಿಂತ ಹೆಚ್ಚು ಸ್ಲೈಡ್ ಬೇಡ ಎಂದು ಅವರೇ ಹೇಳುತ್ತಾರೆ, ಪಾಲಿಸಿ. ನೋಡಲು ಚೆಂದ, ಆದರೆ ಓದುಗರು ಮಾಡುವುದು ಒತ್ತುವುದಷ್ಟೇ. ಮತದಾನ ಒಳ್ಳೆಯದು, ಫಲಿತಾಂಶದಂತೆ ನಡೆದುಕೊಳ್ಳುವುದಾದರೆ. "ಮುಂದಿನ ತಿಂಗಳು ಯಾವ ಪುಸ್ತಕ ಚರ್ಚಿಸೋಣ" ಎಂದು ಕೇಳಿ, ಗೆದ್ದದ್ದನ್ನೇ ಚರ್ಚಿಸಿ.

ಯಾರಿಗೆ ಯಾವುದು

ಒಬ್ಬರೇ ನಡೆಸುವ ಲೈಬ್ರರಿ, ಬಜೆಟ್ ಇಲ್ಲ: ಪುಸ್ತಕದ ಬೇಡಿಕೆಯ ಫಾರ್ಮ್, ಅದರ ಜೊತೆ ವರ್ಷಕ್ಕೊಂದು ಓದಿನ ಸವಾಲು. ಚಾಟ್ ಮುಟ್ಟಬೇಡಿ.

ಶಾಲೆ: ಫಾರ್ಮ್‌ನಲ್ಲಿ ಒಗಟಿನ ಆಟ. ಒಗಟುಗಳನ್ನು ಮಕ್ಕಳ ಕೈಯಲ್ಲೇ ಮಾಡಿಸಿದರೆ ಇನ್ನೂ ಚೆನ್ನ, ಹೆಸರು ಇಮೇಲ್ ಯಾವುದೂ ಬೇಡ.

ಕಾಲೇಜು, ವಿಶ್ವವಿದ್ಯಾಲಯ: ಮೊದಲು ಎಚ್5ಪಿ ಪಾಠಗಳು. ಅವು ಸಾಮಾನ್ಯ ಪ್ರಶ್ನೆಗಳ ಭಾರ ಇಳಿಸುತ್ತವೆ. ಆಮೇಲೆ ಚಾಟ್, ಅದೂ ಪರೀಕ್ಷೆ ಮತ್ತು ಪ್ರಬಂಧದ ತಿಂಗಳುಗಳಲ್ಲಿ ಹೆಚ್ಚು ಗಂಟೆ, ರಜೆಯಲ್ಲಿ ಕಡಿಮೆ. ಕ್ರಮ ತಿರುಗಿಸಿದರೆ ಒಂದೇ ಉತ್ತರವನ್ನು ದಿನವಿಡೀ ಟೈಪ್ ಮಾಡುತ್ತಾ ಕೂರಬೇಕಾಗುತ್ತದೆ.

ಸಿಬ್ಬಂದಿಯೂ ಬಜೆಟ್ಟೂ ಇರುವ ಸಾರ್ವಜನಿಕ ಲೈಬ್ರರಿ: ಚಾಟ್ ಮತ್ತು ಓದಿನ ಸವಾಲು. ವಿಮರ್ಶೆ ಬೇಕಿದ್ದರೆ ಹಲವು ಲೈಬ್ರರಿಗಳು ಹಂಚಿಕೊಳ್ಳುವ ವ್ಯವಸ್ಥೆಗೇ ಹೋಗಿ.

ಅಪರೂಪದ ಸಂಗ್ರಹ ಇರುವವರು: ಕೈಬರಹ, ಪಠ್ಯ ತಿದ್ದುವ ಕೆಲಸ. ಉಳಿದದ್ದೆಲ್ಲ ಆಮೇಲೆ.

ಯಾವುದನ್ನು ಆರಿಸಿದರೂ ಎಂಟು ವಾರದ ಪ್ರಯೋಗ ಎಂದು ಹೇಳಿಯೇ ಶುರು ಮಾಡಿ. ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ. ನೋಡಬೇಕಾದ ಲೆಕ್ಕ ಮೂರು: ಎಷ್ಟು ಜನ ಎರಡನೇ ಸಲ ಬಂದರು, ಎಷ್ಟು ಪ್ರಶ್ನೆಗೆ ಹೇಳಿದ ಸಮಯದೊಳಗೆ ಉತ್ತರ ಹೋಯಿತು, ಸಿಬ್ಬಂದಿಗೆ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು. ಭೇಟಿಗಳನ್ನು ಎಣಿಸಲು ಮಟೋಮೋ ಎಂಬ ಟೂಲ್ ಬಳಸಿದರೆ ಆ ಡೇಟಾ ನಿಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ಎಂಟು ವಾರ ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದಾದರೆ ಬಟನ್ ತೆಗೆದುಹಾಕುವ ಮೊದಲು ಡೇಟಾ ಇಳಿಸಿಕೊಳ್ಳಿ, ಓದುಗರ ಚಾಟ್ ದಾಖಲೆ ಅಳಿಸಿ, ಬಾಕಿ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕಳಿಸಿ. ಆ ಜಾಗದಲ್ಲಿ ಒಂದು ತಿಂಗಳಾದರೂ "ಈಗ ನಮ್ಮನ್ನು ಹೀಗೆ ಸಂಪರ್ಕಿಸಿ" ಎಂಬ ಸಾಲು ಇರಲಿ.